ಹತ್ತಡಿ ಕೋಣೆಯ ಮಂದ್ರ

ಬೆಂಗಳೂರಿನ ಗಿರಿನಗರದ ಮೂವತ್ತು–ನಲವತ್ತರ ಸೈಟಿನ ಮನೆಗಳಲ್ಲಿ ಮಹಡಿ ಮೇಲಿನ ಕೋಣೆ ಎಂದರೆ ಹತ್ತಡಿಗೆ ಹತ್ತಡಿ. ಎತ್ತರವೂ ಹೆಚ್ಚುಕಡಿಮೆ ಅಷ್ಟೇ. ಸಿಮೆಂಟಿನ ಗೋಡೆ, ಟೈಲ್ಸ್ ನೆಲ, ಮೂಲೆಯಲ್ಲೊಂದು ಕಬ್ಬಿಣದ ಬೀರು. ಇಂಥ ಕೋಣೆಗೆ ಈಗ ಮೈಕು, ಲ್ಯಾಪ್‌ಟಾಪು, ಆಡಿಯೋ ಇಂಟರ್‌ಫೇಸು ಬಂದು ದೇವರನಾಮ, ಭಾವಗೀತೆಗಳ ರೆಕಾರ್ಡಿಂಗ್ ಶುರುವಾಗುತ್ತದೆ. ಆಮೇಲೆ ಏಳುವ ಪ್ರಶ್ನೆ: ಮಿಕ್ಸಿಂಗಿಗೆ ಕೈಗೆಟುಕುವ ಮಾನಿಟರ್ ಸ್ಪೀಕರ್ ಯಾವುದು, ಐದಿಂಚಿನದೋ ಎಂಟಿಂಚಿನದೋ?

ಐದಿಂಚಿನದೇ ಸಾಕು ಎನ್ನುತ್ತೇನೆ. ದುಡ್ಡು ಉಳಿಯುತ್ತದೆ ಎಂಬುದು ಆಮೇಲಿನ ಮಾತು. ಕೋಣೆಗೆ ಅದಕ್ಕಿಂತ ದೊಡ್ಡದು ಹಿಡಿಸುವುದಿಲ್ಲ.

ನಮ್ಮೂರಿನ ಹವೆಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 346 ಮೀಟರ್ ಸಾಗುತ್ತದೆ. ಎದುರುಬದುರು ಗೋಡೆಗಳ ನಡುವೆ ಅರ್ಧ ತರಂಗ ಸರಿಯಾಗಿ ಕೂತುಬಿಟ್ಟರೆ ಆ ಸ್ವರಕ್ಕೆ ಕೋಣೆಯೇ ದನಿಗೂಡಿಸುತ್ತದೆ. ಹತ್ತಡಿ ಎಂದರೆ 3.05 ಮೀಟರ್, ಅದರ ಎರಡರಷ್ಟರಿಂದ 346ನ್ನು ಭಾಗಿಸಿದರೆ 57 ಹರ್ಟ್ಜ್ ಆಸುಪಾಸು. ಉದ್ದ, ಅಗಲ, ಎತ್ತರ ಒಂದೇ ಆಗಿರುವುದರಿಂದ ಮೂರು ದಿಕ್ಕಿನ ಅನುರಣನಗಳೂ ಅಲ್ಲೇ ಬಂದು ಒಂದರ ಮೇಲೊಂದು ಬೀಳುತ್ತವೆ. ಮಿಕ್ಸಿಂಗಿಗೆ ಚಚ್ಚೌಕದ ಕೋಣೆಯಷ್ಟು ಹಟಮಾರಿ ಇನ್ನೊಂದಿಲ್ಲ.

ಇದನ್ನು ಕಿವಿಯಾರೆ ಕೇಳಬಹುದು. ಕಂಪ್ಯೂಟರಿನಿಂದ 57 ಹರ್ಟ್ಜ್ ಸ್ವರವೊಂದನ್ನು ಸ್ಪೀಕರಿನಲ್ಲಿ ಬಿಟ್ಟು ಕೋಣೆಯಲ್ಲಿ ಅಡ್ಡಾಡಿ. ಗೋಡೆಯ ಹತ್ತಿರ ಗುಂಯ್ ಎನ್ನುವ ಸ್ವರ ನಟ್ಟನಡುವೆ ಬಂದಾಗ ಹೆಚ್ಚುಕಡಿಮೆ ಮಾಯ. ನಡುವೆ ಕುರ್ಚಿ ಹಾಕಿಕೊಂಡವರಿಗೆ ಬೇಸ್ ಸಾಲದೆನಿಸುತ್ತದೆ, ಏರಿಸುತ್ತಾರೆ. ಅದೇ ಹಾಡು ಕಾರಿನಲ್ಲಿ ಗುಡುಗುತ್ತದೆ. ಮುಂದಿನ ಗೋಡೆಯಿಂದ ಸುಮಾರು ನಾಲ್ಕಡಿಗೆ ಕುರ್ಚಿ ಎಳೆದುಕೊಂಡರೆ ಸಲೀಸಾಗಿ ಅರ್ಧ ಸಮಸ್ಯೆ ಕಳೆಯುತ್ತದೆ. ಹಾಗೇ 20ರಿಂದ 200 ಹರ್ಟ್ಜ್‌ವರೆಗೆ ಸ್ವರವನ್ನು ನಿಧಾನವಾಗಿ ಏರಿಸಿ ನೋಡಿ: ಎಲ್ಲೋ ಒಂದು ಕಡೆ ಬೀರುವಿನ ಬಾಗಿಲು ಗಡಗಡ ಅನ್ನುತ್ತದೆ. ಸ್ಪೀಕರ್ ಹಾಳಾಗಿದೆ ಎಂದು ಅಂಗಡಿಗೆ ಹೊರಡುವ ಮೊದಲು ಬಾಗಿಲ ಸಂದಿಗೆ ರಟ್ಟು ಸಿಕ್ಕಿಸಿ.

ಈಗ ಪೆಟ್ಟಿಗೆ ಮೇಲಿನ ಅಂಕಿಗಳು. ಯಮಹಾ ಎಚ್‌ಎಸ್‌5 ಐದಿಂಚಿನದು. 54 ಹರ್ಟ್ಜ್‌ನಿಂದ 30 ಕಿಲೋಹರ್ಟ್ಜ್ ಎಂದು ಬರೆದಿರುತ್ತದೆ. ಆದರೆ 54ರ ಹೊತ್ತಿಗೆ ದನಿ 10 ಡೆಸಿಬೆಲ್ ಇಳಿದಿರುತ್ತದೆ. 3 ಡೆಸಿಬೆಲ್ ಇಳಿಕೆಯ ಲೆಕ್ಕದಲ್ಲಿ ಅದರ ವ್ಯಾಪ್ತಿ ಶುರುವಾಗುವುದು 74ರಿಂದ. ಯಾವ ಕಂಪನಿಯದಾದರೂ ಈ ಎರಡನೇ ಲೆಕ್ಕವನ್ನೇ ಹೋಲಿಸಬೇಕು. ಗಂಡು ದನಿಯ ತಂಬೂರಿಯನ್ನು ಬಿಳಿ ಒಂದಕ್ಕೆ ಶ್ರುತಿ ಮಾಡಿದರೆ ಮಂದ್ರ ಷಡ್ಜ 65 ಹರ್ಟ್ಜ್ ಸುಮಾರು. ಹಾಗಾದರೆ ಮಂದ್ರ ಕೇಳಿಸುವುದೇ ಇಲ್ಲವೇ? ಕೇಳಿಸುತ್ತದೆ. 131, 196, 262ರ ಉಪಸ್ವರಗಳು ಸಿಕ್ಕರೆ ಸಾಕು, ಕಾಣೆಯಾದ ಮೂಲಸ್ವರವನ್ನು ಮಿದುಳು ತಾನೇ ತುಂಬಿಕೊಳ್ಳುತ್ತದೆ. ಮೃದಂಗದ ಬಲಗಡೆಯ ಕರಣೆ ಇಂಥ ಉಪಸ್ವರಗಳನ್ನು ಸಾಲಾಗಿ ಹೊಂದಿಸುತ್ತದೆ ಎಂದು ಸಿ.ವಿ. ರಾಮನ್ 1920ರಲ್ಲಿ ತೋರಿಸಿದರು. ಬೆಂಗಳೂರಿಗೆ ಬಂದ ಮೇಲೆ 1934ರಲ್ಲಿ ವಿಸ್ತಾರವಾಗಿಯೂ ಬರೆದರು. ಎಡಗಡೆಯ ಗುಮ್ಕಿಗೆ ಮಾತ್ರ ಮಿದುಳನ್ನು ನಂಬಬೇಡಿ, ಹೆಡ್‌ಫೋನಿನಲ್ಲಿ ಇನ್ನೊಮ್ಮೆ ಕೇಳಿ. ಎಂಟಿಂಚಿನ ಸ್ಪೀಕರ್ ತಂದರೆ ಅದು ಆ 57ಕ್ಕೇ ಸೌದೆ ಒಟ್ಟುತ್ತದೆ.

ಸಣ್ಣ ಸ್ಪೀಕರಿನಲ್ಲಿ ದೊಡ್ಡ ಕೆಲಸ ಆಗದೆಂಬ ಅಳುಕಿದ್ದರೆ ಯಮಹಾ ಎನ್‌ಎಸ್‌–10 ಇದೆ. 1978ರಲ್ಲಿ ಮನೆ ಬಳಕೆಗೆಂದು ಬಂದ, ಬಿಳಿ ಕೋನಿನ ಈ ಜೋಡಿಯಲ್ಲಿ ಬೇಸ್ ಅಷ್ಟಕ್ಕಷ್ಟೇ. ಆದರೂ 2001ರಲ್ಲಿ ತಯಾರಿಕೆ ನಿಲ್ಲುವವರೆಗೂ ಜಗತ್ತಿನ ಸ್ಟುಡಿಯೋಗಳಲ್ಲಿ ಮೆರೆಯಿತು. ಅದರ ಪೆಟ್ಟಿಗೆಗೆ ತೂತಿರಲಿಲ್ಲ. ಸ್ವರ ನಿಂತೊಡನೆ ಸ್ಪೀಕರೂ ಸುಮ್ಮನಾಗುತ್ತಿತ್ತು. ಈಗಿನ ಅಗ್ಗದ ಮಾನಿಟರುಗಳಲ್ಲಿ ಬಹುಪಾಲಿಗೆ ತೂತುಂಟು, ಎಚ್‌ಎಸ್‌5ಕ್ಕೆ ಅದು ಬೆನ್ನಲ್ಲಿದೆ. ಗೋಡೆಗೆ ಒತ್ತರಿಸಿಟ್ಟರೆ ಬೇಸ್ ಉಬ್ಬುತ್ತದೆ. ತಗ್ಗಿಸಲು ಹಿಂದೆಯೇ ರೂಮ್ ಕಂಟ್ರೋಲ್ ಎಂಬ ಸ್ವಿಚ್ಚಿದೆ, 2 ಅಥವಾ 4 ಡೆಸಿಬೆಲ್ ಇಳಿಸುತ್ತದೆ.

ಉಳಿಸಿದ ದುಡ್ಡನ್ನು ಮೊಟ್ಟೆ ಟ್ರೇಗೆ ಹಾಕಬೇಡಿ. 57 ಹರ್ಟ್ಜ್ ತರಂಗದ ಉದ್ದ ಆರು ಮೀಟರ್; ಅದು ಟ್ರೇಯನ್ನಾಗಲಿ ಎರಡಿಂಚಿನ ಸ್ಪಂಜನ್ನಾಗಲಿ ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ನಾಲ್ಕಾರು ಇಂಚು ದಪ್ಪದ ರಾಕ್‌ವೂಲನ್ನು ಬಟ್ಟೆ ಹೊದಿಸಿ ಮೂಲೆಗಳಲ್ಲಿ ನಿಲ್ಲಿಸಿದರೆ ಒಂದಿಷ್ಟು ತಗ್ಗುತ್ತದೆ.

ರಾತ್ರಿ ಹತ್ತರ ನಂತರ ವಸತಿ ಪ್ರದೇಶದಲ್ಲಿ ಶಬ್ದದ ಮಿತಿ 45 ಡೆಸಿಬೆಲ್, ಪಕ್ಕದ ಮನೆಯವರ ಮಿತಿ ಇನ್ನೂ ಕಡಿಮೆ. ಮೆಲ್ಲಗೆ ಕೇಳುವಾಗ ಕಿವಿಗೆ ಬೇಸ್ ಹತ್ತುವುದಿಲ್ಲ ಎಂದು ಬೆಲ್ ಲ್ಯಾಬ್ಸಿನ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಅಳೆದು ತೋರಿಸಿದ್ದಾರೆ. ಮಂದ್ರದ ತೀರ್ಮಾನಗಳನ್ನು ಹಗಲಿಗೆ ಬಿಡಿ.

ಕೊಳ್ಳಲು ಹೋಗುವಾಗ ನೀವು ಚೆನ್ನಾಗಿ ಬಲ್ಲ ಎರಡು ಹಾಡು ಜೊತೆಗಿರಲಿ. ಎರಡು ಜೋಡಿಯನ್ನೂ ಒಂದೇ ಮಟ್ಟದ ಶಬ್ದದಲ್ಲಿ ಕೇಳಿಸಲು ಹೇಳಿ. ಒಂದೆರಡು ಡೆಸಿಬೆಲ್ ಜೋರಾಗಿರುವುದೇ ಕಿವಿಗೆ ಚೆಂದ ಎನಿಸುತ್ತದೆ. ಮನೆಯಲ್ಲಿ ಹೊಂದದಿದ್ದರೆ ವಾಪಸ್ ತೆಗೆದುಕೊಳ್ಳುತ್ತೀರಾ ಎಂದೂ ಬಿಲ್ ಹಾಕಿಸುವ ಮೊದಲೇ ಕೇಳಿ.