ನೀಲಗಿರಿಯ ನೀಲಿ

ದೊಡ್ಡಗಾಜನೂರಿನ ಹೊಲಗಳಲ್ಲಿ ನೀಲಕುರಿಂಜಿ ಬೆಳೆಯುವುದಿಲ್ಲ. ತಾಳವಾಡಿಯ ಪ್ರಸ್ಥಭೂಮಿ ಅದಕ್ಕೆ ಸಾಲುವಷ್ಟು ಎತ್ತರದಲ್ಲಿಲ್ಲ. ಸುಮಾರು 1,300 ಮೀಟರಿಗೂ ಮೇಲೆ, ಮಂಜು ಕವಿಯುವ ಹುಲ್ಲುಗಾವಲಿನ ಇಳಿಜಾರುಗಳೇ ಅದರ ನೆಲೆ. ತೆಂಕಣಕ್ಕೆ, ಮೊಯಾರ್ ಕಣಿವೆಯ ಆಚೆಗಿರುವ ನೀಲಗಿರಿಯಲ್ಲಿ ಆ ಎತ್ತರವಿದೆ. ಅಲ್ಲಿಯ ಅತ್ಯುನ್ನತ ಶಿಖರ 2,637 ಮೀಟರಿನ ದೊಡ್ಡಬೆಟ್ಟ. ಆ ಹೆಸರಿನ ಅರ್ಥವನ್ನು ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಈ ಹೂವಿನ ಬಣ್ಣದಿಂದಲೇ ಬೆಟ್ಟಕ್ಕೆ ನೀಲಗಿರಿಯೆಂಬ ಹೆಸರು ಬಂದಿತೆಂಬ ಮಾತು ಪ್ರಚಲಿತವಾಗಿದೆ. ದೂರದ ಬೆಟ್ಟಗಳೆಲ್ಲವೂ ನೀಲಿಯಾಗಿಯೇ ಕಾಣುವುದರಿಂದ ಇದನ್ನು ಸಾಧಿಸಿ ತೋರಿಸುವುದು ಕಷ್ಟ. ಆದರೆ ಹೆಸರಿನ ಪ್ರಾಚೀನತೆಗೆ ಕನ್ನಡವೇ ಸಾಕ್ಷಿ. ನಮಗೆ ನೆರೆಯ ಚಾಮರಾಜನಗರದ ಪಾರ್ಶ್ವನಾಥ ಬಸದಿಯ 1117ರ ಶಾಸನವು, ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸನು ತೋಡರನ್ನು ಬೆದರಿಸಿ, ಕೊಂಗರನ್ನು ಅಡಗಿಸಿ, ನೀಲಪರ್ವತವನ್ನು ಹೊಕ್ಕುದನ್ನು ಹೇಳುತ್ತದೆ.

ತಮಿಳು ಕವಿಗಳು ಇದೇ ಹೂವನ್ನು ಬೇರೆ ಬಗೆಯಲ್ಲಿ ಉಳಿಸಿಕೊಂಡರು. ಸಂಗಂ ಕಾವ್ಯದ ಐದು ತಿಣೆಗಳಲ್ಲಿ ಮಲೆನಾಡಿಗೆ ಕುರಿಂಜಿಯೆಂದೇ ಹೆಸರು. ಪ್ರೇಮಿಗಳ ಕೂಟ ಅದರ ವಸ್ತು, ನಡುರಾತ್ರಿ ಅದರ ವೇಳೆ, ಮುರುಗ ಅದರ ದೈವ. ಕಪಿಲರ್ ಎಂಬ ಕವಿಯ 'ಕುರಿಂಜಿಪ್ಪಾಟ್ಟು' 99 ಹೂಗಳನ್ನು ಹೆಸರಿಸುತ್ತದೆ. ತಮಿಳುನಾಡಿನಲ್ಲಿದ್ದು ಕನ್ನಡ ಓದುವ ನಾವು ಈ ಪರಿಕಲ್ಪನೆಯನ್ನು ಮೂಲದಲ್ಲೇ ಅರಿಯುವ ಅನುಕೂಲ ಪಡೆದಿದ್ದೇವೆ.

ಇನ್ನು ಗಿಡದ ವಿಷಯ. ನೀಲಕುರಿಂಜಿ ಮೊಳೆತ ಬಳಿಕ ಹನ್ನೆರಡು ವರ್ಷ ಬರಿಯ ಎಲೆಯ ಪೊದೆಯಾಗಿರುತ್ತದೆ. ಆಮೇಲೆ ಒಂದು ಮಳೆಗಾಲದ ಕೊನೆಗೆ ಇಡೀ ಇಳಿಜಾರಿನ ಗಿಡಗಳೆಲ್ಲ ಒಮ್ಮೆಗೇ ಅರಳಿ, ಬೀಜ ಕಟ್ಟಿ, ಸಾಯುತ್ತವೆ. ಬೀಜ ತಿನ್ನುವ ಜೀವಿಗಳು ಎಷ್ಟು ತಿಂದರೂ ಮುಗಿಯದಷ್ಟು ಬೀಜವನ್ನು ಒಟ್ಟಿಗೆ ಚೆಲ್ಲುವುದು ಈ ನಡೆಯ ಪ್ರಯೋಜನವಿರಬಹುದೆಂದು ವಿಜ್ಞಾನಿಗಳು ಊಹಿಸುತ್ತಾರೆ. ಪಳನಿ ಬೆಟ್ಟಗಳ ಪಳಿಯರು ತಮ್ಮ ವಯಸ್ಸನ್ನು ಕುರಿಂಜಿ ಅರಳಿದ ಸಲಗಳಿಂದ ಎಣಿಸುತ್ತಿದ್ದರೆಂದು ಹೇಳುತ್ತಾರೆ. ಕುರಿಂಜಿಯ ಬಳಗ ದೊಡ್ಡದು: ವರ್ಷವರ್ಷ ಹೂಬಿಡುವ ಪ್ರಭೇದಗಳೂ ಉಂಟು, ಏಳೆಂಟು ವರ್ಷಕ್ಕೊಮ್ಮೆ ಬಿಡುವ ಕಾರ್ವಿಯೂ ಉಂಟು. ಬೆಟ್ಟಬೆಟ್ಟಕ್ಕೂ ಸರದಿ ಬೇರೆ. ಮೂನ್ನಾರಿನಲ್ಲಿ 2006 ಮತ್ತು 2018ರಲ್ಲಿ ಅರಳಿತು. ಕರ್ನಾಟಕದ ಚಂದ್ರದ್ರೋಣ ಪರ್ವತದಲ್ಲಿ 2022ರಲ್ಲಿ ಕುರಿಂಜಿ ಹೇರಳವಾಗಿ ಕಾಣಿಸಿಕೊಂಡಿತು. ಆ ಮಲೆನಾಡಿನವರು ಇದನ್ನು ಗುರಿಗೆ ಎನ್ನುತ್ತಾರೆ.

ಒಂದೇ ಸಲ ಬೀಜ ಬಿಡುವ ಗಿಡಕ್ಕೆ ಎರಡನೆಯ ಅವಕಾಶವಿಲ್ಲ. ಬೀಜ ಬಲಿಯುವ ಮುನ್ನ ಹೂಗೊಂಚಲು ಕಿತ್ತರೆ ಹನ್ನೆರಡು ವರ್ಷದ ಬಾಳು ವ್ಯರ್ಥ. ಹುಲ್ಲುಗಾವಲೇ ಹೋದರೆ ಬೀಜ ಬಿದ್ದೂ ಫಲವಿಲ್ಲ. ಚಹಾ ತೋಟ, ವ್ಯಾಟಲ್ ಮತ್ತು ಯೂಕಲಿಪ್ಟಸ್ ನೆಡುತೋಪುಗಳು ಆ ನೆಲದ ಬಹುಭಾಗವನ್ನು ಆಕ್ರಮಿಸಿವೆ. ಅಂತಾರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟವು 2024ರಲ್ಲಿ ನೀಲಕುರಿಂಜಿಯನ್ನು ಅಳಿವಿನ ಭೀತಿಯಿರುವ ಸಸ್ಯಗಳ ಪಟ್ಟಿಗೆ ಸೇರಿಸಿತು.

ಇಲ್ಲಿ ಭಾಷೆಯ ವಿದ್ಯಾರ್ಥಿ ಗಮನಿಸಬೇಕಾದ ಒಂದು ವಿಪರ್ಯಾಸವಿದೆ. ಯೂಕಲಿಪ್ಟಸ್ ಆಸ್ಟ್ರೇಲಿಯದ ಮರ. 19ನೆಯ ಶತಮಾನದಲ್ಲಿ ಈ ಬೆಟ್ಟಗಳಿಗೆ ಬಂದದ್ದು. ಕನ್ನಡ ಅದನ್ನು ಕರೆಯುವುದು ನೀಲಗಿರಿ ಮರವೆಂದು. ಇಂದು ಸಂತೆಯಲ್ಲಿ 'ನೀಲಗಿರಿ' ಎಂದರೆ ಎಣ್ಣೆಯ ಬಾಟಲಿ ಕೈಗೆ ಬರುತ್ತದೆ. ಹೂವನ್ನು ಹೊರಗಟ್ಟಿದ ಮರಕ್ಕೆ ಬೆಟ್ಟದ ಹೆಸರೂ ಸಂದಿದೆ.

ಮೂನ್ನಾರಿನ ಮುಂದಿನ ಸರದಿ 2030ರಲ್ಲಿ, ಆಗಸ್ಟಿನಿಂದ ಅಕ್ಟೋಬರಿನವರೆಗೆ. ನೋಡಹೋಗುವವರು ಕೊಂಬೆ ಮುರಿಯದೆ, ಕಾಲುದಾರಿ ಬಿಡದೆ ನೋಡಿ ಬರಬೇಕು.