ಮಂಡಿ ನೋವಿನ ಮಾತ್ರೆ ಮೂತ್ರಪಿಂಡಕ್ಕೆ ತಟ್ಟುವುದೇಕೆ?

ಮಂಡಿ ನೋವಿನಿಂದಾಗಿ ಕುರ್ಚಿಯಲ್ಲಿ ಕುಳಿತು ನಮಾಝ್ ಮಾಡುವ ಹಿರಿಯರನ್ನು ನಾವು ಮಸೀದಿಗಳಲ್ಲಿ ಕಾಣುತ್ತೇವೆ. ಅವರಲ್ಲಿ ಕೆಲವರು ವೈದ್ಯರನ್ನು ಕೇಳದೆ ಮೆಡಿಕಲ್ ಅಂಗಡಿಯಿಂದ ನೋವಿನ ಮಾತ್ರೆ ತರಿಸಿ ತಿಂಗಳುಗಟ್ಟಲೆ ನುಂಗುತ್ತಾರೆ. ನೋವು ಮಂಡಿಯದ್ದು, ಮಾತ್ರೆಯೂ ಮಂಡಿಗಷ್ಟೇ ಎಂದು ಭಾವಿಸುತ್ತೇವೆ. ಆದರೆ ದೇಹದಲ್ಲಿ ಯಾವ ಅಂಗವೂ ಒಂಟಿಯಲ್ಲ. ಮೂತ್ರಪಿಂಡವನ್ನೇ ನೋಡೋಣ.

ನಮ್ಮ ಮುಷ್ಟಿಯಷ್ಟೇ ದೊಡ್ಡದಾದ ಒಂದೊಂದು ಮೂತ್ರಪಿಂಡದಲ್ಲೂ ಸುಮಾರು 10 ಲಕ್ಷ ಸೂಕ್ಷ್ಮ ಜರಡಿಗಳಿವೆ. ಹೃದಯ ಹೊರದೂಡುವ ರಕ್ತದ ಸುಮಾರು ಐದನೇ ಒಂದು ಪಾಲು ಇವುಗಳಿಗೇ ಹೋಗುತ್ತದೆ. ದಿನಕ್ಕೆ ಸುಮಾರು 180 ಲೀಟರ್ ದ್ರವ ಇಲ್ಲಿ ಸೋಸಲ್ಪಡುತ್ತದೆ. ಅದರಲ್ಲಿ ಒಂದೆರಡು ಲೀಟರ್ ಮಾತ್ರ ಮೂತ್ರವಾಗಿ ಹೊರಹೋಗಿ, ಉಳಿದದ್ದೆಲ್ಲ ರಕ್ತಕ್ಕೇ ಮರಳುತ್ತದೆ.

ಸೋಸುವುದಷ್ಟೇ ಇದರ ಕೆಲಸವಲ್ಲ. ರಕ್ತದೊತ್ತಡ ಕುಸಿದರೆ ಮೂತ್ರಪಿಂಡ ರೆನಿನ್ ಎಂಬ ವಸ್ತುವನ್ನು ಬಿಡುತ್ತದೆ. ಅದರಿಂದ ರಕ್ತನಾಳಗಳು ಬಿಗಿಯಾಗಿ, ಉಪ್ಪು ಮತ್ತು ನೀರು ದೇಹದಲ್ಲಿ ಉಳಿದು, ಒತ್ತಡ ಮೇಲೇರುತ್ತದೆ. ಕೆಂಪು ರಕ್ತಕಣಗಳನ್ನು ತಯಾರಿಸುವಂತೆ ಮೂಳೆಯ ಮಜ್ಜೆಗೆ ಸೂಚನೆ ಹೋಗುವುದೂ ಹೆಚ್ಚಾಗಿ ಇಲ್ಲಿಂದಲೇ. ಶ್ವಾಸಕೋಶದಿಂದ ಆಮ್ಲಜನಕವನ್ನು ಹೊತ್ತೊಯ್ಯುವುದು ಆ ಕಣಗಳೇ. ಕರುಳು ಆಹಾರದಿಂದ ಕ್ಯಾಲ್ಸಿಯಂ ಹೀರಿಕೊಳ್ಳಲು ಬೇಕಾದ ವಿಟಮಿನ್ 'ಡಿ' ತನ್ನ ಪೂರ್ಣ ರೂಪ ಪಡೆಯುವುದೂ ಮುಖ್ಯವಾಗಿ ಮೂತ್ರಪಿಂಡದಲ್ಲೇ.

ಆದ್ದರಿಂದಲೇ ಮೂತ್ರಪಿಂಡ ಸೋತವರಿಗೆ ಕಾಲು ಊದುವುದಷ್ಟೇ ಅಲ್ಲ, ರಕ್ತಹೀನತೆ, ಏದುಸಿರು, ಮೂಳೆಯ ದೌರ್ಬಲ್ಯ, ಏರಿದ ಬಿ.ಪಿ. ಎಲ್ಲವೂ ಕಾಣಿಸಿಕೊಳ್ಳಬಹುದು. ಇದಕ್ಕೆ ಮರುದಾರಿಯೂ ಇದೆ: ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ ಮತ್ತು ಬಿ.ಪಿ. ವರ್ಷಗಳ ಕಾಲ ಸದ್ದಿಲ್ಲದೆ ಆ ಜರಡಿಗಳನ್ನು ಹಾಳುಮಾಡುತ್ತವೆ.

ಈಗ ಮಂಡಿಯ ಮಾತ್ರೆಗೆ ಬರೋಣ. ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂತಹ ಮಾತ್ರೆಗಳು ನೋವು ಮತ್ತು ಊತ ಉಂಟುಮಾಡುವ ರಾಸಾಯನಿಕಗಳನ್ನು ತಗ್ಗಿಸುತ್ತವೆ. ಆದರೆ ಮೂತ್ರಪಿಂಡಕ್ಕೆ ಹೋಗುವ ರಕ್ತನಾಳಗಳನ್ನು ತೆರೆದಿಡುವುದೂ ಅದೇ ಗುಂಪಿನ ರಾಸಾಯನಿಕಗಳು. ಅವು ತಗ್ಗಿದಾಗ ಅಲ್ಲಿಗೆ ಹರಿಯುವ ರಕ್ತವೂ ಕಡಿಮೆಯಾಗಬಹುದು. ವಯಸ್ಸಾದವರಿಗೆ, ಸಕ್ಕರೆ ಕಾಯಿಲೆ, ಬಿ.ಪಿ. ಅಥವಾ ಹೃದ್ರೋಗ ಇರುವವರಿಗೆ, ವಾಂತಿ ಭೇದಿಯಿಂದ ನೀರಿನಂಶ ಕಳೆದುಕೊಂಡವರಿಗೆ ಅಪಾಯ ಹೆಚ್ಚು. ಕೆಲವು ಬಿ.ಪಿ. ಮಾತ್ರೆಗಳ ಜೊತೆ ಸೇರಿದರಂತೂ ಇನ್ನೂ ಹೆಚ್ಚು.

ಹಾಗೆಂದು ಹಿರಿಯರು ನೋವು ನುಂಗಿಕೊಂಡೇ ಇರಬೇಕೆಂದಲ್ಲ. ಅವರು ಸೇವಿಸುವ ಎಲ್ಲ ಮಾತ್ರೆಗಳನ್ನೂ ಒಂದು ಚೀಲದಲ್ಲಿ ಹಾಕಿ ಒಬ್ಬರೇ ವೈದ್ಯರಿಗೆ ತೋರಿಸೋಣ. ವೈದ್ಯರು ಬರೆದುಕೊಟ್ಟ ಮಾತ್ರೆಯನ್ನು ನಾವಾಗಿಯೇ ನಿಲ್ಲಿಸುವುದು ಬೇಡ. ಮೂತ್ರಪಿಂಡದ ಕಾಯಿಲೆ ಆರಂಭದಲ್ಲಿ ಸಾಮಾನ್ಯವಾಗಿ ಯಾವ ಲಕ್ಷಣವನ್ನೂ ತೋರುವುದಿಲ್ಲ. ಆದ್ದರಿಂದ ಸಕ್ಕರೆ ಕಾಯಿಲೆ, ಬಿ.ಪಿ. ಇರುವವರಿಗೆ ವರ್ಷಕ್ಕೊಮ್ಮೆಯಾದರೂ ರಕ್ತದಲ್ಲಿ ಕ್ರಿಯಾಟಿನಿನ್, ಮೂತ್ರದಲ್ಲಿ ಅಲ್ಬುಮಿನ್ ಪರೀಕ್ಷೆ ಮಾಡಿಸೋಣ. ತಂದೆ ತಾಯಿಯ ಮಾತ್ರೆ ಡಬ್ಬಿಯಲ್ಲಿ ಏನೇನಿದೆ ಎಂದು ಮಕ್ಕಳು ಇಂದೇ ಒಮ್ಮೆ ತೆರೆದು ನೋಡಲಿ.