ಜಾನುವಾರು ಚಿಕಿತ್ಸೆಯಲ್ಲಿ ಅಧಿಕ ಒತ್ತಡದ ಆಮ್ಲಜನಕ: ಚಪ್ಪೆ ರೋಗಕ್ಕೆ ಇದು ಪರಿಹಾರವೇ?

ವಾಸಿಯಾಗದ ಗಾಯವಿರುವ ಕುದುರೆ ಅಥವಾ ನಾಯಿಯನ್ನು ಆಮ್ಲಜನಕ ತುಂಬಿದ ಕೊಠಡಿಯಲ್ಲಿರಿಸಿ ಚಿಕಿತ್ಸೆ ನೀಡುವ ದೃಶ್ಯಗಳನ್ನು ನೀವು ಮೊಬೈಲ್‌ನಲ್ಲಿ ನೋಡಿರಬಹುದು. ಇದಕ್ಕೆ ಹೈಪರ್‌ಬೇರಿಕ್ ಆಮ್ಲಜನಕ ಚಿಕಿತ್ಸೆ ಎಂದು ಹೆಸರು. ಇದರ ತತ್ತ್ವವನ್ನು ಅರಿತರೆ, ನಮ್ಮ ದನಕರುಗಳ ಕೆಲವು ಮಾರಕ ರೋಗಗಳನ್ನು ತಡೆಯುವ ಬಗೆಯೂ ಸ್ಪಷ್ಟವಾಗುತ್ತದೆ.

ಚಿಕಿತ್ಸೆಯ ತತ್ತ್ವ

ಗಾಳಿಯಲ್ಲಿ ಆಮ್ಲಜನಕದ ಪ್ರಮಾಣ ಸುಮಾರು ಶೇ. 21. ರಕ್ತದಲ್ಲಿ ಇದನ್ನು ಮುಖ್ಯವಾಗಿ ಹಿಮೋಗ್ಲೋಬಿನ್ ಹೊತ್ತೊಯ್ಯುತ್ತದೆ. ದ್ರವಭಾಗದಲ್ಲಿ ಕರಗಿರುವುದು ಅತ್ಯಲ್ಪ. ಮುಚ್ಚಿದ ಕೊಠಡಿಯಲ್ಲಿ ವಾತಾವರಣದ ಒತ್ತಡಕ್ಕಿಂತ ಒಂದೂವರೆಯಿಂದ ಮೂರು ಪಟ್ಟು ಒತ್ತಡದಲ್ಲಿ ಶುದ್ಧ ಆಮ್ಲಜನಕವನ್ನು ಉಸಿರಾಡಿಸಿದಾಗ ಹೀಗೆ ಕರಗುವ ಪ್ರಮಾಣ ಹಲವು ಪಟ್ಟು ಹೆಚ್ಚುತ್ತದೆ. ರಕ್ತಸಂಚಾರ ಕುಂಠಿತವಾದ ಅಂಗಾಂಶಗಳಿಗೂ ಆಮ್ಲಜನಕ ತಲುಪಿ, ಊತ ಇಳಿಯಲು ಹಾಗೂ ಹೊಸ ರಕ್ತನಾಳಗಳು ಬೆಳೆಯಲು ನೆರವಾಗುತ್ತದೆ. ಒಂದು ಅವಧಿ ಸಾಮಾನ್ಯವಾಗಿ 60ರಿಂದ 90 ನಿಮಿಷ. ಹಲವು ಅವಧಿಗಳು ಬೇಕಾಗುತ್ತವೆ.

ಆಮ್ಲಜನಕವಿಲ್ಲದೆಡೆ ಬೆಳೆಯುವ ಕ್ಲಾಸ್ಟ್ರಿಡಿಯಂ ಗುಂಪಿನ ರೋಗಾಣುಗಳಿಗೆ ಈ ಸ್ಥಿತಿ ಪ್ರತಿಕೂಲ. ಆದುದರಿಂದ ಮನುಷ್ಯರ ಅನಿಲ ಕೊಳೆರೋಗದಲ್ಲಿ ಶಸ್ತ್ರಚಿಕಿತ್ಸೆ ಮತ್ತು ಪ್ರತಿಜೀವಕಗಳ ಜೊತೆಗೆ ಇದನ್ನು ಪೂರಕವಾಗಿ ಬಳಸುತ್ತಾರೆ. ಪ್ರಾಣಿಗಳಲ್ಲಿ ಇದರ ಪರಿಣಾಮದ ಕುರಿತ ವೈಜ್ಞಾನಿಕ ಪುರಾವೆಗಳು ಇನ್ನೂ ಸೀಮಿತವಾಗಿವೆ.

ಮಿತಿಗಳು ಮತ್ತು ಅಪಾಯ

ಶುದ್ಧ ಆಮ್ಲಜನಕವಿರುವಲ್ಲಿ ಒಂದು ಕಿಡಿಯೂ ಅನಾಹುತಕ್ಕೆ ಸಾಕು. 2012ರಲ್ಲಿ ಅಮೆರಿಕದ ಫ್ಲೋರಿಡಾದಲ್ಲಿ, ಕೊಠಡಿಯೊಳಗಿದ್ದ ಕುದುರೆ ಲಾಳದ ಕಾಲಿನಿಂದ ಗೋಡೆಗೆ ಒದ್ದಾಗ ಸ್ಫೋಟ ಸಂಭವಿಸಿ, ಕುದುರೆಯೊಡನೆ ಸಿಬ್ಬಂದಿಯೊಬ್ಬರೂ ಮೃತಪಟ್ಟರು. ಎದೆಗೂಡಿನಲ್ಲಿ ಗಾಳಿ ಸೇರಿಕೊಂಡಿರುವ ಪ್ರಾಣಿಗೆ ಈ ಚಿಕಿತ್ಸೆ ಪ್ರಾಣಾಂತಿಕವಾಗಬಲ್ಲದು.

ಚಪ್ಪೆ ರೋಗಕ್ಕೆ ಕಾರಣವಾದುದೂ ಕ್ಲಾಸ್ಟ್ರಿಡಿಯಂ ಗುಂಪಿನ ರೋಗಾಣುವೇ. ಆದರೆ ಈ ರೋಗ ತಗುಲಿದ ರಾಸು ಸಾಮಾನ್ಯವಾಗಿ ಒಂದೆರಡು ದಿನಗಳಲ್ಲೇ ಸಾವನ್ನಪ್ಪುತ್ತದೆ. ಅದನ್ನು ವಾಹನಕ್ಕೇರಿಸಿ ಇಂತಹ ಕೊಠಡಿ ಇರುವಲ್ಲಿಗೆ ಸಾಗಿಸುವಷ್ಟು ಕಾಲಾವಕಾಶವಿರುವುದಿಲ್ಲ. ರೈತರಿಗೆ ನಿಜವಾದ ರಕ್ಷಣೆ ದೊರೆಯುವುದು ಲಸಿಕೆಯಿಂದ ಮತ್ತು ಗಾಯಗಳ ಆರೈಕೆಯಿಂದ.

ರೈತರು ಅನುಸರಿಸಬೇಕಾದ ಕ್ರಮಗಳು

1. ಆರು ತಿಂಗಳು ದಾಟಿದ ಕರುಗಳಿಗೆ ಹಾಗೂ ದನ, ಎಮ್ಮೆಗಳಿಗೆ ಪ್ರತಿವರ್ಷ ಮುಂಗಾರಿಗೆ ಮುನ್ನ ಚಪ್ಪೆ ರೋಗದ ಲಸಿಕೆ ಹಾಕಿಸಿರಿ.

2. ಗಾಯಗಳಿಗೆ ಸಗಣಿ, ಮಣ್ಣು ಮೆತ್ತಬೇಡಿರಿ. ಇವುಗಳಲ್ಲಿ ರೋಗಾಣುಗಳಿರುವುದಲ್ಲದೆ, ಗಾಳಿಯಾಡದಂತೆ ಮಾಡಿ ಅವುಗಳ ಬೆಳವಣಿಗೆಗೆ ಅನುಕೂಲ ಕಲ್ಪಿಸುತ್ತವೆ. ಶುದ್ಧ ನೀರಿನಿಂದ ತೊಳೆದು ಪೊವಿಡೋನ್ ಅಯೋಡಿನ್ ಹಚ್ಚಿರಿ.

3. ಮೊಳೆ, ಮುಳ್ಳು ಚುಚ್ಚಿದ ಆಳವಾದ ಗಾಯಗಳನ್ನು ಪಶುವೈದ್ಯರಿಗೆ ತಪ್ಪದೆ ತೋರಿಸಿರಿ. ಧನುರ್ವಾಯು ಬರುವ ಸಂಭವವಿದೆ.

4. ತೀವ್ರ ಜ್ವರ, ಕುಂಟುವಿಕೆ, ತೊಡೆ ಅಥವಾ ಭುಜದಲ್ಲಿ ಊತ, ಊತವನ್ನು ಒತ್ತಿದಾಗ ಚರಚರ ಸದ್ದು ಕಂಡುಬಂದರೆ ಒಂದು ಗಂಟೆಯನ್ನೂ ವ್ಯರ್ಥಮಾಡಬೇಡಿರಿ. ಆರಂಭದಲ್ಲೇ ಪೆನಿಸಿಲಿನ್ ಚಿಕಿತ್ಸೆ ದೊರೆತರೆ ಮಾತ್ರ ರಾಸು ಉಳಿಯುವ ಸಾಧ್ಯತೆಯಿದೆ.

5. ಸತ್ತ ರಾಸಿನ ಚರ್ಮ ಸುಲಿಯದೆ, ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಿರಿ. ರೋಗಾಣುವಿನ ಬೀಜಕಣಗಳು ಮಣ್ಣಿನಲ್ಲಿ ವರ್ಷಗಟ್ಟಲೆ ಜೀವಂತವಾಗಿರುತ್ತವೆ.

ವಿಸ್ತರಣಾ ಕಾರ್ಯಕರ್ತರು ಮುಂಗಾರಿಗೆ ಮುನ್ನ, ಹಿಂದೆ ಚಪ್ಪೆ ರೋಗ ಕಾಣಿಸಿಕೊಂಡ ಗ್ರಾಮಗಳನ್ನು ಗುರುತಿಸಿ ಅಲ್ಲಿ ಲಸಿಕೆಗೆ ಆದ್ಯತೆ ನೀಡುವುದು ಸೂಕ್ತ. ತುರ್ತು ಸಂದರ್ಭದಲ್ಲಿ ಸಮೀಪದ ಪಶು ಚಿಕಿತ್ಸಾಲಯವನ್ನು ಅಥವಾ ಸಂಚಾರಿ ಪಶು ಚಿಕಿತ್ಸಾ ಘಟಕದ ಉಚಿತ ಸಹಾಯವಾಣಿ 1962 ಅನ್ನು ಸಂಪರ್ಕಿಸಿರಿ.